ಹಳೆಯ ಕಾರುಗಳ ಕೂಟದಲ್ಲಿ ಒಂದು ಭಾನುವಾರ

ಬೆಂಗಳೂರಿನಿಂದ ಉತ್ತರ ದಿಕ್ಕಿಗೆ ಹೊರಡುವ ದಾರಿಗಳಲ್ಲಿ ಎರಡು ದಾರಿಗಳು ನಮ್ಮ ಸಮಾಜದ ಮನೆತನಗಳಿಗೆ ತಲೆಮಾರುಗಳಿಂದ ಪರಿಚಿತವಾದವು. ಯಶವಂತಪುರವನ್ನು ಹಾದು ತುಮಕೂರಿನ ಕಡೆಗೆ ಸಾಗುವುದು ಒಂದು. ಮಹಾಶಿವರಾತ್ರಿಯ ಜಾತ್ರೆಗೆಂದು ಸಿದ್ಧಗಂಗೆಗೆ ಹೊರಟ ಭಕ್ತರು ಹಿಡಿಯುವುದು ಇದೇ ದಾರಿಯನ್ನು. ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೆ ಸಾಗುವ ಬಳ್ಳಾರಿ ರಸ್ತೆ ಇನ್ನೊಂದು. ಒಂದು ಕಾಲಕ್ಕೆ ದ್ರಾಕ್ಷಿಯ ತೋಟಗಳು, ರಾಗಿಯ ಹೊಲಗಳು, ಕೆರೆಯ ಏರಿಗಳು ಈ ರಸ್ತೆಯ ಇಕ್ಕೆಲಗಳಲ್ಲಿ ಕಾಣುತ್ತಿದ್ದವು. 2003ರಲ್ಲಿ ಹೆಬ್ಬಾಳದ ಮೇಲುಸೇತುವೆ ತೆರೆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಅಲ್ಲಿಂದೀಚೆಗೆ ರಸ್ತೆಯ ರೂಪವೇ ಬೇರೆಯಾಗಿದೆ. ಹಗಲಾಗಲಿ ರಾತ್ರಿಯಾಗಲಿ ವಾಹನಗಳ ಪ್ರವಾಹ ಇಲ್ಲಿ ನಿಲ್ಲುವುದೆಂಬುದಿಲ್ಲ.

ಆದರೆ ಭಾನುವಾರದ ಬೆಳಗಿನ ಜಾವ ಈ ರಸ್ತೆಯಲ್ಲಿ ಬೇರೊಂದು ಬಗೆಯ ಸಂಚಾರ ಕಂಡುಬರುತ್ತದೆ. ಕಾರುಗಳ ಮೇಲೆ ಪ್ರೀತಿಯುಳ್ಳವರು ಗುಂಪುಗುಂಪಾಗಿ ಹೊರಟು ನಂದಿಬೆಟ್ಟದ ಕಡೆಗೆ ಹೋಗಿ, ಎಲ್ಲಿಯಾದರೂ ಉಪಾಹಾರ ಮುಗಿಸಿ, ಬಿಸಿಲೇರುವ ಮೊದಲು ಮನೆಗೆ ಮರಳುತ್ತಾರೆ. ಹೊಸ ಕಾರುಗಳವರದು ಒಂದು ಗುಂಪು, ಹಳೆಯ ಕಾರುಗಳವರದು ಇನ್ನೊಂದು. ಇಂತಹ ಹಳೆಯ ಕಾರುಗಳ ಕೂಟವೊಂದಕ್ಕೆ ಕಳೆದ ಚಳಿಗಾಲದಲ್ಲಿ ನಾವು ಪ್ರಥಮ ಬಾರಿಗೆ ಹೋಗಿಬಂದೆವು. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ, ಅದರಿಂದ ನಮ್ಮ ಮನೆಯಲ್ಲಿ ನಡೆದ ವಿಚಾರವಿನಿಮಯವನ್ನೂ ಸಮಾಜ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ಅಲ್ಲಿಗೆ ಹೋದುದಕ್ಕೆ ಕಾರಣವೊಂದಿತ್ತು. ಯಶವಂತಪುರದ ನಮ್ಮ ಹಳೆಯ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಫಿಯಟ್ ಕಾರು ನಿಂತಿದೆ. ನಮ್ಮ ತೀರ್ಥರೂಪರು ಅದನ್ನು 1970ರಲ್ಲಿ ಕೊಂಡರು. ಆಗ ಹಣವಿದ್ದ ಮಾತ್ರಕ್ಕೆ ಕಾರು ದೊರೆಯುತ್ತಿರಲಿಲ್ಲ. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಾಗೆ ಕಾದು ಪಡೆದ ಕಾರು ನಮ್ಮ ಮನೆಯ ಸ್ವತ್ತೆನ್ನುವುದಕ್ಕಿಂತ ಬೀದಿಯ ಸ್ವತ್ತಾಗಿತ್ತು ಎಂದರೆ ಸಲ್ಲುತ್ತದೆ. ಹೆರಿಗೆಗೆ ಆಸ್ಪತ್ರೆಗೆ ಹೋಗುವವರು, ಲಗ್ನಪತ್ರಿಕೆ ಹಂಚುವವರು, ರೈಲಿಗೆ ಹೊತ್ತಾದವರು ಎಲ್ಲರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಶಿವರಾತ್ರಿ ಬಂತೆಂದರೆ ಅದರ ಹಿಂದಿನ ಪೆಟ್ಟಿಗೆಯಲ್ಲಿ ದಾಸೋಹಕ್ಕೆಂದು ಅಕ್ಕಿ, ಬೇಳೆಗಳ ಚೀಲ ತುಂಬಿಕೊಂಡು ಸಿದ್ಧಗಂಗೆಗೆ ಪಯಣ. ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಕಾರು ಕೊಟ್ಟಿಗೆ ಸೇರಿತು. ಈಗ ಆ ಜಾಗದಲ್ಲಿ ಮಕ್ಕಳಿಗೆ ಕೋಣೆ ಕಟ್ಟಬೇಕಾಗಿದೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ತಾಯಿಯವರು ಆ ದಿನ ಮಧ್ಯಾಹ್ನ ಪ್ರಸಾದ ಸ್ವೀಕರಿಸಲಿಲ್ಲ. ಮಕ್ಕಳ ಕೋಣೆಯೂ ಬೇಕು, ತಾಯಿಯವರ ಮನಸ್ಸೂ ನೋಯಬಾರದು. ಈ ಇಕ್ಕಟ್ಟಿನಲ್ಲಿದ್ದಾಗ ಆರ್.ಟಿ. ನಗರದಲ್ಲಿರುವ ನಮ್ಮ ಬಂಧುವೊಬ್ಬರು, ಏನನ್ನಾದರೂ ನಿರ್ಧರಿಸುವ ಮೊದಲು ಹಳೆಯ ಕಾರುಗಳನ್ನು ಇಟ್ಟುಕೊಂಡವರ ಮಾತನ್ನೂ ಕೇಳಿಬಿಡಿ ಎಂದು ನಮ್ಮನ್ನು ಹೊರಡಿಸಿದರು.

ಬೆಳಗಿನ ಐದೂವರೆಗೆ ಹೊರಟು ಮತ್ತಿಕೆರೆ, ಬಿ.ಇ.ಎಲ್. ವೃತ್ತಗಳನ್ನು ಹಾದು ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳ ಸೇರಿದೆವು. ಕೆರೆಯ ಮೇಲೆ ಮಂಜು ಕವಿದಿತ್ತು. ಹೆಬ್ಬಾಳವೆಂದರೆ ಈಗ ಎಲ್ಲರಿಗೂ ನೆನಪಾಗುವುದು ಮೇಲುಸೇತುವೆ ಮತ್ತು ಅದರ ಮೇಲಿನ ವಾಹನಗಳ ಸಾಲು. ಆದರೆ ಈ ಊರಿನ ಪ್ರಾಚೀನತೆ ಬೆರಗು ಹುಟ್ಟಿಸುವಂತಹುದು. 2018ರಲ್ಲಿ ಇಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಎಂದರೆ ಸುಮಾರು ಕ್ರಿ.ಶ. 750ರದ್ದು. ಬೆಂಗಳೂರು ಪ್ರದೇಶದಲ್ಲಿ ದೊರೆತಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಅದು ಒಂದು. ಹನ್ನೆರಡು ಶತಮಾನಗಳಿಗೂ ಹಿಂದಿನ ಆ ಕಲ್ಲು ಮನೆಗಳ ನಡುವೆ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. ಆಸಕ್ತ ನಾಗರಿಕರು ಅದನ್ನು ಓದಿಸಿ, ಅದಕ್ಕೊಂದು ಮಂಟಪ ಕಟ್ಟಿಸಿದರು. ಒಂದು ವಸ್ತು ಉಳಿಯುವುದೂ ಅಳಿಯುವುದೂ ಅದರ ಗಟ್ಟಿತನದ ಮೇಲೆ ಮಾತ್ರ ನಿಂತಿಲ್ಲ. ಅದನ್ನು ನೋಡಿಕೊಳ್ಳುವ ಮನುಷ್ಯರ ಮೇಲೂ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೆಬ್ಬಾಳದಿಂದ ಮುಂದೆ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಬಯಲು. ಅದರಿಂದಾಚೆಗೆ ಯಲಹಂಕ. ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಮನೆತನ ಯಲಹಂಕದ ನಾಡಪ್ರಭುಗಳದು. 1537ರಲ್ಲಿ ಅವರು ಹೊಸ ಪಟ್ಟಣಕ್ಕೆ ಕೋಟೆ ಹಾಕಿಸುವ ಮೊದಲು ಯಲಹಂಕವೇ ಈ ಸೀಮೆಗೆ ತಲೆನಗರಿ. ಇಂದು ಅಲ್ಲಿ ವಾಯುಸೇನೆಯ ನೆಲೆಯಿದೆ; 1996ರಿಂದ ವಿಮಾನಗಳ ಪ್ರದರ್ಶನ ನಡೆದುಕೊಂಡು ಬಂದಿದೆ. ರೈಲಿನ ಗಾಲಿ ಮತ್ತು ಅಚ್ಚುಗಳನ್ನು ತಯಾರಿಸುವ ಕಾರ್ಖಾನೆ 1984ರಿಂದ ಕೆಲಸ ಮಾಡುತ್ತಿದೆ. ನೆಲದ ಮೇಲೆ ಉರುಳುವುದಕ್ಕೂ ಆಕಾಶದಲ್ಲಿ ಹಾರುವುದಕ್ಕೂ ಯಲಹಂಕಕ್ಕೆ ಹೀಗೆ ನಂಟಿರುವಾಗ ಹಳೆಯ ಕಾರುಗಳು ಕೂಡಲು ಅದೇ ಸ್ಥಳವನ್ನು ಆರಿಸಿಕೊಂಡದ್ದು ಯೋಗ್ಯವೇ ಎಂದು ನಮ್ಮ ಬಂಧು ನಕ್ಕರು.

ಊರಿನ ಹೊರಗೆ ದೊಡ್ಡಬಳ್ಳಾಪುರದ ರಸ್ತೆಯ ಪಕ್ಕದಲ್ಲೊಂದು ಬಯಲು. ಬೇಲಿಗೆ ಆನಿಸಿದ ಒಂದು ಹಲಗೆಯೂ ಇರಲಿಲ್ಲ, ಧ್ವನಿವರ್ಧಕವೂ ಇರಲಿಲ್ಲ. ಸಾಲಾಗಿ ನಿಂತ ಇಪ್ಪತ್ತೈದು ಮೂವತ್ತು ಕಾರುಗಳು. ಬಹುಪಾಲು ಕಾರುಗಳ ಬಾನೆಟ್ಟು ತೆರೆದಿತ್ತು. ಹಳೆಯ ಕಾರುಗಳ ಕೂಟವೆಂದರೆ ಶ್ರೀಮಂತರು ತಮ್ಮ ವೈಭವವನ್ನು ಮೆರೆಸುವ ಸಂತೆಯೆಂದೇ ಲೋಕದ ಅಭಿಪ್ರಾಯ. ರಾಜಮಹಾರಾಜರ ಕಾರುಗಳ ಮೆರವಣಿಗೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ಹಾಗೆನಿಸುವುದು ಸಹಜ. ಇಲ್ಲಿ ನೆರೆದಿದ್ದವರು ಬೇರೆ ಬಗೆಯವರು. ನಿವೃತ್ತ ಉಪಾಧ್ಯಾಯರೊಬ್ಬರು ಲುಂಗಿಯ ಮೇಲೆ ಸ್ವೆಟರು ತೊಟ್ಟು ಅಂಬಾಸಡರಿನ ದೀಪ ಒರೆಸುತ್ತಿದ್ದರು. ಪೀಣ್ಯದ ಕಾರ್ಖಾನೆಯ ನೌಕರರೊಬ್ಬರು ಪತ್ನಿ ಮಕ್ಕಳೊಡನೆ ಹಳೆಯ ಮಾರುತಿಯಲ್ಲಿ ಬಂದಿದ್ದರು. ತಂದೆಯಿಂದ ಬಂದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ತಾವೇ ನಡೆಸಿಕೊಂಡು ಬಂದ ವೈದ್ಯೆಯೊಬ್ಬರು ಇದ್ದರು. ಮೋರಿಸ್ ಮೈನರ್, ವಿಲ್ಲಿಸ್ ಜೀಪು, ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಕಾಂಟೆಸ್ಸಾ ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದವು. ಬೆಲೆಯ ಮಾತನ್ನು ಯಾರೂ ಎತ್ತಲಿಲ್ಲ. ಹೊಸದಾಗಿ ಬಂದವರಿಗೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, ನಿಮ್ಮದು ಯಾವ ಗಾಡಿ, ಅದು ಓಡುತ್ತದೆಯೋ ಎಂಬುದು. ನಿಂತಿದೆ ಎಂದು ನಾವು ಹೇಳಿದೆವು. ಎಷ್ಟು ವರ್ಷದಿಂದ ಎಂದು ಮರುಪ್ರಶ್ನೆ ಬಂತು. ಹದಿನಾಲ್ಕು ವರ್ಷದಿಂದ ಎಂದಾಗ ರೋಗಿಯ ಸುದ್ದಿ ಕೇಳಿದವರಂತೆ ನಾಲ್ಕಾರು ಜನ ಹತ್ತಿರ ಬಂದರು.

ಕೂಟದ ರೀತಿನೀತಿಗಳು ಸರಳ. ಮೊದಲು ಪ್ರತಿಯೊಂದು ಕಾರನ್ನೂ ಅದರ ಯಜಮಾನರು ಚಾಲೂ ಮಾಡುತ್ತಾರೆ. ಚಳಿಗೆ ಮುಷ್ಕರ ಹೂಡಿದ ಯಂತ್ರಕ್ಕೆ ಚೋಕು ಎಳೆದು ತಾಳ್ಮೆಯಿಂದ ಕಾಯಬೇಕು. ಕೆಲವಕ್ಕೆ ಮುಂಭಾಗದಲ್ಲಿ ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸಬೇಕು. ಯಾರದಾದರೂ ಹಟ ಹಿಡಿದರೆ ಉಳಿದವರು ತಮ್ಮ ಕಾರನ್ನು ಬಿಟ್ಟು ಅಲ್ಲಿಗೆ ಬರುತ್ತಾರೆ. ಒಬ್ಬರ ಪೆಟ್ಟಿಗೆಯ ಪಾನಾ ಇನ್ನೊಬ್ಬರ ಕೈಗೆ, ಇನ್ನೊಬ್ಬರ ಬಳಿಯಿರುವ ಹಳೆಯ ಬಿಡಿಭಾಗ ಮತ್ತೊಬ್ಬರ ಗಾಡಿಗೆ ಹೋಗುತ್ತದೆ. ಅಂಗಡಿಯಲ್ಲಿ ದೊರೆಯದ ಈ ಭಾಗಗಳಿಗೆ ಲೆಕ್ಕವನ್ನೂ ಇಡುವುದಿಲ್ಲವೆಂದು ಕೇಳಿ ನಮಗೆ ಆಶ್ಚರ್ಯವಾಯಿತು. ಆನಂತರ ಬಾಳೆಯೆಲೆಯ ಮೇಲೆ ಇಡ್ಲಿ, ಉದ್ದಿನ ವಡೆ. ಉಪಾಹಾರದ ವೆಚ್ಚವನ್ನು ಸರದಿಯ ಮೇಲೆ ಒಂದೊಂದು ಕುಟುಂಬ ಹೊರುತ್ತದೆ. ದಾಸೋಹವೆಂಬ ಮಾತನ್ನು ಅಲ್ಲಿ ಯಾರೂ ಬಳಸಲಿಲ್ಲವಾದರೂ ನಮ್ಮ ಮನಸ್ಸಿಗೆ ಬಂದದ್ದು ಆ ಮಾತೇ. ಈ ಮಧ್ಯೆ ಕೊಳವೆ ಬದಲಾಯಿಸಿದ ಹೊಸ ಕಾರುಗಳಲ್ಲಿ ಕಿವಿಗಡಚಿಕ್ಕುವ ಸದ್ದು ಮಾಡುತ್ತ ನಾಲ್ಕೈದು ಯುವಕರು ಬಂದರು. ಹಿರಿಯರೊಬ್ಬರು ಅವರನ್ನು ಗದರದೆ, ಯಂತ್ರದ ಸದ್ದು ಹೆಚ್ಚಿದಷ್ಟೂ ಅದರ ದೋಷ ಕೇಳಿಸದೆ ಹೋಗುತ್ತದೆ ಎಂದಷ್ಟೇ ಹೇಳಿ, ಕರೆದು ಇಡ್ಲಿ ಕೊಟ್ಟರು. ಅವರಲ್ಲಿ ಇಬ್ಬರು ಕೊನೆಯವರೆಗೂ ನಿಂತು ನೋಡಿದರು.

ಆ ಸಾಲಿನ ಕಾರುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ನಮ್ಮ ದೇಶದ ಕೈಗಾರಿಕೆಯ ಚರಿತ್ರೆಯನ್ನೇ ಓದಿದಂತಾಗುತ್ತದೆ. ಅಂಬಾಸಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯದು. ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ ತಯಾರಾಗಿ 2014ರಲ್ಲಿ ನಿಂತಿತು. ಹೆರಾಲ್ಡ್ ಮದರಾಸಿನಲ್ಲಿ 1961ರಿಂದ ತಯಾರಾದದ್ದು. ಅದರ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಬಾಗುವುದರಿಂದ ಯಂತ್ರವೆಲ್ಲ ತೆರೆದ ಪುಸ್ತಕದಂತೆ ಕಾಣುತ್ತದೆ. ಮಾರುತಿ 800 ಡಿಸೆಂಬರ್ 1983ರಲ್ಲಿ ರಸ್ತೆಗಿಳಿಯಿತು. ಮೂಲೆಯಲ್ಲಿ ನಿಂತಿದ್ದ ಎರಡು ಬಾಗಿಲಿನ ಪುಟ್ಟ ಕಾರೊಂದನ್ನು ನಾವು ವಿದೇಶದ್ದೆಂದು ತಿಳಿಯುತ್ತಿರುವಾಗಲೇ ಅದು ನಮ್ಮ ಬೆಂಗಳೂರಿನದೇ ಎಂದು ಗೊತ್ತಾಯಿತು. ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್ ಅದು. ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯದು, ಮೈಯೆಲ್ಲ ಗಾಜಿನೆಳೆಯಿಂದ ಮಾಡಿದ್ದು. ಅದಕ್ಕೂ ಮೊದಲು ಬಾದಲ್ ಎಂಬ ಮೂರು ಗಾಲಿಯ ಕಾರೂ ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು.

ನಮ್ಮ ಫಿಯಟ್ಟಿನ ವಂಶಾವಳಿಯೂ ಅಲ್ಲೇ ನಮಗೆ ತಿಳಿದದ್ದು. ಯಲಹಂಕದಿಂದ ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ನಂದಿಬೆಟ್ಟದ ಬಳಿ ಮುದ್ದೇನಹಳ್ಳಿ ಸಿಗುತ್ತದೆ. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ. ದಿವಾನಗಿರಿಯಿಂದ ನಿವೃತ್ತರಾಗಿ ಬಹುಕಾಲದ ಮೇಲೆ, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಮೋಟಾರು ಕೈಗಾರಿಕೆಯನ್ನು ಅಭ್ಯಾಸ ಮಾಡಲು ಯೂರೋಪು, ಅಮೆರಿಕಗಳನ್ನು ಸುತ್ತಿಬಂದರು. ಉದ್ಯಮಿ ವಾಲಚಂದ್ ಹೀರಾಚಂದರೊಡನೆ ಸೇರಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯಲಿಲ್ಲ. ಅದೇ ವಾಲಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಕಾರಿನ ಕನಸು ಮಾತ್ರ ಮುಂಬಯಿಗೆ ಹೋಗಿ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ನನಸಾಯಿತು. ನಮ್ಮ ಕೊಟ್ಟಿಗೆಯ ಫಿಯಟ್ 1100 ಆ ಕಾರ್ಖಾನೆಯದು. ಅದರ ತಂಗಿಯೇ ಪ್ರೀಮಿಯರ್ ಪದ್ಮಿನಿ. ಅದೇ 1089 ಸಿ.ಸಿ. ಯಂತ್ರ, ಅದೇ ಸ್ಟೀರಿಂಗಿನ ಪಕ್ಕದ ಗೇರು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ದುಡಿದ ಪದ್ಮಿನಿಗಳು 2023ರ ಅಕ್ಟೋಬರ್ ತಿಂಗಳ ಕೊನೆಗೆ ಅಲ್ಲಿಯ ಬೀದಿಗಳಿಂದ ನಿವೃತ್ತವಾದವು. ಯಶವಂತಪುರದ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತ ವಸ್ತುವಿನ ಹಿಂದೆ ನಮ್ಮ ನಾಡಿನ ಮಹನೀಯರೊಬ್ಬರ ಹಂಬಲವಿತ್ತೆಂಬುದನ್ನು ಅರಿತಾಗ ಗುಜರಿಯವನ ತಕ್ಕಡಿ ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು.

ಆ ಕೂಟದ ಜೀವಾಳವೆಂದರೆ ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್. ಸ್ವಂತ ಕಾರಿಲ್ಲದೆ ಅಲ್ಲಿಗೆ ಬರುವವರು ಅವರೊಬ್ಬರೇ. ಹನ್ನೆರಡನೆಯ ವಯಸ್ಸಿನಲ್ಲಿ ಗ್ಯಾರೇಜು ಸೇರಿ ಪಾನಾ ಹಿಡಿದವರು. ಯಂತ್ರದ ಮೇಲೆ ಅಂಗೈ ಇಟ್ಟು, ಕಿವಿ ಕೊಟ್ಟು, ಯಾವ ಕವಾಟ ಸಡಿಲವಾಗಿದೆ ಎಂದು ಹೇಳಬಲ್ಲರು. ನಾವು ನಮ್ಮ ಕಾರಿನ ಸ್ಥಿತಿ ವಿವರಿಸಿದಾಗ ಅವರು ಹೇಳಿದ ಮಾತುಗಳು ಕೊಟ್ಟಿಗೆಯಲ್ಲಿ ಹಳೆಯ ಗಾಡಿಯುಳ್ಳ ಎಲ್ಲರೂ ಅರಿಯತಕ್ಕವು. ಓಡುವ ಕಾರಿಗಿಂತ ನಿಂತ ಕಾರು ಬೇಗ ಕೆಡುತ್ತದೆ. ಟ್ಯಾಂಕಿನ ಪೆಟ್ರೋಲು ಆವಿಯಾಗಿ ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಒಂದೇ ಕಡೆ ಭಾರ ಬಿದ್ದು ಟೈರುಗಳು ಚಪ್ಪಟೆಯಾಗುತ್ತವೆ, ರಬ್ಬರಿನ ಭಾಗಗಳು ಒಣಗಿ ಬಿರುಕು ಬಿಡುತ್ತವೆ, ಬ್ಯಾಟರಿ ಸಾಯುತ್ತದೆ, ತಂತಿಗಳು ಇಲಿಗಳ ಪಾಲಾಗುತ್ತವೆ. ಈಗಂತೂ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. 2025ರಲ್ಲಿ ಆ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಅದು ನೀರನ್ನು ಸೆಳೆಯುವ ವಸ್ತುವಾದ್ದರಿಂದಲೂ ಹಳೆಯ ರಬ್ಬರಿಗೆ ಒಗ್ಗದ್ದರಿಂದಲೂ ಕೊಳವೆಗಳನ್ನು ಬದಲಾಯಿಸದೆ ಹಳೆಯ ಕಾರನ್ನು ಓಡಿಸಬಾರದು. ಹದಿನೈದು ದಿನಕ್ಕೊಮ್ಮೆಯಾದರೂ ಹತ್ತು ಮೈಲಿ ಓಡಿಸಿದರೆ ಕಾರು ತಾನಾಗಿಯೇ ಆರೋಗ್ಯವಾಗಿರುತ್ತದೆ. ಇಷ್ಟು ಹೇಳಿ ಅವರು ಮತ್ತೊಂದು ಮಾತು ಸೇರಿಸಿದರು. ಬಿಡಿಭಾಗ ಹೇಗಾದರೂ ಸಿಕ್ಕೀತು ಸ್ವಾಮಿ, ಕೈ ಸಿಗುವುದಿಲ್ಲ. ನನ್ನ ಜೊತೆಯಲ್ಲಿ ಕಲಿತವರು ಬಹಳ ಮಂದಿ ಹೋಗಿಬಿಟ್ಟರು. ಈಗಿನ ಹುಡುಗರಿಗೆ ಗಣಕಯಂತ್ರ ಸಿಕ್ಕಿಸಿ ದೋಷ ಓದುವುದು ಗೊತ್ತು, ಕಾರ್ಬುರೇಟರು ಬಿಚ್ಚಿ ಜೋಡಿಸುವುದು ಗೊತ್ತಿಲ್ಲ. ಕಲಿಸೋಣವೆಂದರೆ ಕಲಿಯಲು ಬಿಚ್ಚಿಡುವಂತಹ ಗಾಡಿಯಿಲ್ಲ.

ಶರಣ ಪರಂಪರೆಯಲ್ಲಿ ಹಗ್ಗ ಹೊಸೆದ ನುಲಿಯ ಚಂದಯ್ಯನ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ದುಡಿಯುವ ಕೈಗೆ ಶರಣರು ಕೊಟ್ಟ ಗೌರವವನ್ನು ನಾವು ವೇದಿಕೆಗಳ ಮೇಲೆ ಹೊಗಳುತ್ತೇವೆ. ಆದರೆ ಒಂದು ಕಾಯಕದ ಅರಿವು ನಮ್ಮ ಕಣ್ಣಮುಂದೆಯೇ, ನಮ್ಮದೇ ಬಡಾವಣೆಯ ಗ್ಯಾರೇಜಿನಲ್ಲಿ, ಶಿಷ್ಯನಿಲ್ಲದೆ ಮುಗಿದುಹೋಗುತ್ತಿರುವುದನ್ನು ಗಮನಿಸುವವರು ಎಷ್ಟು ಮಂದಿ? ಗ್ರಂಥವೊಂದು ಹುಳು ಹಿಡಿದರೆ ದುಃಖಿಸುವ ನಾವು, ಮನುಷ್ಯರ ಬೆರಳುಗಳಲ್ಲಿರುವ ವಿದ್ಯೆ ಅಳಿದರೆ ದುಃಖಿಸುವುದಿಲ್ಲ.

ಇನ್ನು ಕಾನೂನಿನ ವಿಚಾರ. ನಮ್ಮ ನಾಡಿನಲ್ಲಿ ಸ್ವಂತ ಬಳಕೆಯ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು, ವಾಣಿಜ್ಯದ ಬಳಕೆಯದಾಗಿರಬಾರದು, ಮೂಲ ಸ್ವರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಮರುನೋಂದಣಿಗೆ 5,000 ರೂಪಾಯಿ. ಹಿಂದೆಯೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ನಮ್ಮ ಕಾರಿನ ಫಲಕ ಎಂ.ವೈ. ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. 1973ರ ನವೆಂಬರಿಗೆ ಮೊದಲು ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರಿದ್ದುದರ ಗುರುತು ಅದು. ಅಷ್ಟರಮಟ್ಟಿಗೆ ಈ ನಿಯಮ ಸಂತೋಷದ್ದೇ. ಆದರೆ ಅದರಲ್ಲೊಂದು ಷರತ್ತಿದೆ. ಪುರಾತನ ವಾಹನವೆಂದು ನೋಂದಾಯಿಸಿದ ಮೇಲೆ ಪ್ರದರ್ಶನ, ಕೂಟ, ತಾಂತ್ರಿಕ ಅಧ್ಯಯನ, ಇಂಧನ, ದುರಸ್ತಿ ಇಂತಹ ಕಾರಣಗಳಿಗೆ ಮಾತ್ರ ಅದನ್ನು ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಈ ಷರತ್ತಿನ ಬಗ್ಗೆ ಇಡ್ಲಿಯ ಎಲೆಗಳ ಮುಂದೆಯೇ ಚರ್ಚೆ ನಡೆಯಿತು. ಅಪರೂಪದ ವಸ್ತುವನ್ನು ರಸ್ತೆಯ ಅಪಾಯಕ್ಕೆ ಒಡ್ಡದೆ ಮುಂದಿನ ಪೀಳಿಗೆಗೆ ಕಾಯ್ದಿರಿಸಬೇಕೆಂಬುದು ಒಂದು ಪಕ್ಷ. ಅದರಲ್ಲಿ ಹುರುಳಿಲ್ಲದಿಲ್ಲ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಸಾವಿರಾರು ಜನ ನೋಡಿ ತಿಳಿಯುತ್ತಿರುವುದು ಹಾಗೆ ಕಾಯ್ದಿಟ್ಟದ್ದರಿಂದಲೇ. ಕಾರೆಂಬುದು ಓಡಿದರೇ ಕಾರು, ನಿಂತರೆ ಬರಿಯ ಕಬ್ಬಿಣ ಎಂಬುದು ಇನ್ನೊಂದು ಪಕ್ಷ. ಇಂಗ್ಲೆಂಡಿನಲ್ಲಿ 1896ರ ನವೆಂಬರ್ 14ರಂದು ವಾಹನದ ಮುಂದೆ ಮನುಷ್ಯನೊಬ್ಬ ನಡೆಯಬೇಕೆಂಬ ನಿರ್ಬಂಧ ತೊಲಗಿ, ಗಂಟೆಗೆ 4 ಮೈಲಿಯಿದ್ದ ವೇಗದ ಮಿತಿ 14ಕ್ಕೆ ಏರಿದಾಗ ಮೋಟಾರು ಪ್ರಿಯರು ಸಂತೋಷದಿಂದ ಲಂಡನ್ನಿನಿಂದ ಬ್ರೈಟನ್ನಿನವರೆಗೆ ಹೋದರಂತೆ. ಆ ಪಯಣದ ಸ್ಮರಣೆ 1927ರಲ್ಲಿ ಮತ್ತೆ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಭಾಗವಹಿಸುವುದು 1905ಕ್ಕಿಂತ ಮೊದಲಿನ ಕಾರುಗಳು ಮಾತ್ರ. ನೂರಿಪ್ಪತ್ತು ವರ್ಷದ ಮುದಿ ಯಂತ್ರಗಳು ಮಳೆಯಲ್ಲಿ ನೆನೆಯುತ್ತ ಓಡುತ್ತವೆ. ನಮ್ಮ ದೆಹಲಿಯಲ್ಲಿಯೂ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ಆರಂಭಿಸಿದ ಹಳೆಯ ಕಾರುಗಳ ಓಟ ಹೆಸರಾದದ್ದು. ಸ್ಥಾವರ, ಜಂಗಮಗಳೆಂಬ ಮಾತುಗಳನ್ನು ಎಳವೆಯಿಂದ ಕೇಳಿ ಬೆಳೆದ ನಮಗೆ ಈ ಎರಡು ಪಕ್ಷಗಳ ಜಗಳ ಹೊಸದೆನಿಸಲಿಲ್ಲ.

ಮನೆಗೆ ಮರಳಿ ಎಲ್ಲವನ್ನೂ ತಾಯಿಯವರಿಗೂ ಮನೆಯವರಿಗೂ ವರದಿ ಮಾಡಿದೆವು. ನಮ್ಮ ಸೊಸೆ ಕೇಳಿದ ಪ್ರಶ್ನೆ ತೂಕವುಳ್ಳದ್ದಾಗಿತ್ತು. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಮನೆಯಲ್ಲಿ ಓಡಾಟಕ್ಕೆ ಬೇರೊಂದು ಕಾರಿದೆ. ಮಕ್ಕಳಿಗೆ ಓದಲು ಜಾಗವಿಲ್ಲ. ಹೀಗಿರುವಾಗ ಬೇಡದ ವಸ್ತುವನ್ನು ನೆನಪಿನ ಹೆಸರಿನಲ್ಲಿ ಇಟ್ಟುಕೊಳ್ಳುವುದು ಸಂಗ್ರಹವಲ್ಲವೆ? ಗಂಡನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಆಕೆ ನೆನಪಿಸಿದಳು. ನಾವು ನಿರುತ್ತರರಾದೆವು. ಉತ್ತರ ಬಂದದ್ದು ತಾಯಿಯವರಿಂದ. ಆ ಕಾರು ನಿಮ್ಮ ತಂದೆಯವರಿದ್ದಾಗಲೂ ನಮ್ಮೊಬ್ಬರದಾಗಿರಲಿಲ್ಲ. ಮುಚ್ಚಿಟ್ಟುಕೊಳ್ಳಿರೆಂದು ನಾನು ಹೇಳುತ್ತಿಲ್ಲ, ಮುರಿಯಬೇಡಿರೆಂದು ಹೇಳುತ್ತಿದ್ದೇನೆ, ಉಪಯೋಗಕ್ಕೆ ಬರಲಿ ಎಂದರು.

ಆ ಮಾತಿನಿಂದ ದಾರಿ ತೆರೆಯಿತು. ಆ ವೃದ್ಧ ಮೆಕ್ಯಾನಿಕರನ್ನು ಮನೆಗೆ ಕರೆಸಿ ಮಾತನಾಡಿದೆವು. ಕಾರು ಈಗ ಅವರ ಗ್ಯಾರೇಜಿನಲ್ಲಿದೆ. ಕೈಗಾರಿಕಾ ತರಬೇತಿ ಕಲಿಯುತ್ತಿರುವ ಮೂವರು ಹುಡುಗರು ವಾರಕ್ಕೆರಡು ಸಂಜೆ ಅದನ್ನು ಬಿಚ್ಚಿ, ತೊಳೆದು, ಜೋಡಿಸಿ ಕಲಿಯುತ್ತಿದ್ದಾರೆ. ನಮ್ಮ ಮೊಮ್ಮಗನೂ ಶನಿವಾರಗಳಲ್ಲಿ ಹೋಗಿ ಉಗುರಿನಲ್ಲಿ ಎಣ್ಣೆ ಮಾಡಿಕೊಂಡು ಬರುತ್ತಾನೆ. ವೆಚ್ಚ ನಮ್ಮದು, ವಿದ್ಯೆ ಅವರದು. ಕೊಟ್ಟಿಗೆ ತೆರವಾಗಿ ಕೋಣೆಗೆ ಪಾಯ ಹಾಕಿಯಾಯಿತು. ಪುರಾತನ ವಾಹನದ ನೋಂದಣಿಯನ್ನು ಬಿಟ್ಟು ಸಾಮಾನ್ಯ ನವೀಕರಣಕ್ಕೇ ಅರ್ಜಿ ಹಾಕುವುದೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದ್ದೇವೆ. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬರುವ ಶಿವರಾತ್ರಿಗೆ ಅಕ್ಕಿಯ ಚೀಲಗಳೊಡನೆ ತಾಯಿಯವರನ್ನು ಕೂರಿಸಿಕೊಂಡು ತುಮಕೂರಿನ ದಾರಿ ಹಿಡಿಯಬೇಕೆಂಬುದು ನಮ್ಮ ಇಚ್ಛೆ. ತಾಯಿಯವರಿಗೆ ಎಂಬತ್ತೊಂಬತ್ತು ವರ್ಷ. ಯಂತ್ರದ ಕೆಲಸ ಅವಸರಕ್ಕೆ ಬಗ್ಗುವುದಿಲ್ಲವೆಂದು ಮೆಕ್ಯಾನಿಕರು ಹೇಳುತ್ತಾರೆ. ಹುಡುಗರು ಮಾತ್ರ ಈಗ ವಾರಕ್ಕೆ ಮೂರು ಸಂಜೆ ಬರತೊಡಗಿದ್ದಾರೆ.

ಓದುಗ ಬಾಂಧವರ ಮನೆಗಳಲ್ಲಿಯೂ ಹಿರಿಯರು ಬಿಟ್ಟುಹೋದ ವಸ್ತುಗಳಿರಬಹುದು. ಕಾರೇ ಆಗಬೇಕೆಂದಿಲ್ಲ, ಹೊಲಿಗೆಯ ಯಂತ್ರ, ಮಗ್ಗ, ಗಡಿಯಾರ, ಎತ್ತಿನ ಗಾಡಿ ಯಾವುದೂ ಆಗಬಹುದು. ಅವನ್ನು ಮಾರುವ ಅಥವಾ ಮುಚ್ಚಿಡುವ ಮೊದಲು, ಅದರ ಕೆಲಸ ಬಲ್ಲ ಒಬ್ಬರನ್ನು ಹುಡುಕಿ ಮಾತನಾಡಿಸಿರಿ. ಕಲಿಯಬಯಸುವ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಬೀದಿಯಲ್ಲೇ ಇರಬಹುದು. ಹಳೆಯ ಕಾರುಗಳ ಕೂಟವನ್ನು ನೋಡಬಯಸುವವರು ಯಾವುದಾದರೊಂದು ಭಾನುವಾರ ಬೆಳಕು ಹರಿಯುವ ಮುನ್ನ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಡಿರಿ. ಮುಂದೆ ಅಂಬಾಸಡರೊಂದು ನಿಧಾನವಾಗಿ ಹೋಗುತ್ತಿದ್ದರೆ ಹಾರನ್ನು ಮಾಡದೆ ಹಿಂಬಾಲಿಸಿರಿ. ಅದು ನಿಮ್ಮನ್ನು ಸರಿಯಾದ ಸ್ಥಳಕ್ಕೇ ತಲುಪಿಸುತ್ತದೆ.